ಗುಲ್ಮಾರ್ಗಾ? ಔಲಿನಾ?



ಇವತ್ತು ರಾಜಕೀಯ ಬೇಡ. ದಿನಾ ಇದ್ದಿದ್ದೇ ಅದು. ಇವತ್ತು ರಜೆಯ ಬಗ್ಗೆ ಮಾತಾಡೋಣ.

ಒಂದು ಕಾಲ ಇತ್ತು. ಚಳಿಗಾಲದ ರಜೆ ಅಂದ್ರೆ ಧರ್ಮಸ್ಥಳ, ಹೊರನಾಡು, ಶೃಂಗೇರಿ. ಸ್ವಲ್ಪ ಕೈಯಲ್ಲಿ ಕಾಸಿದ್ರೆ ಊಟಿ, ಗೋವಾ. ಈಗ ಮಕ್ಕಳು ಬೇರೆಯದನ್ನೇ ಕೇಳ್ತಾರೆ. "ಹಿಮ ನೋಡ್ಬೇಕು." ನೋಡಿದ್ರೆ ಸಾಲದು, ಕಾಲಿಗೆ ಹಲಗೆ ಕಟ್ಕೊಂಡು ಅದರ ಮೇಲೆ ಜಾರಬೇಕು. ಸ್ಕೀಯಿಂಗ್! ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಎಲ್ಲ ಕಡೆಯ ಮನೆಗಳಲ್ಲೂ ಈಗ ಇದೇ ಚರ್ಚೆ. ಸ್ವಿಟ್ಜರ್ಲೆಂಡ್‌ಗೆ ಹೋಗೋಕೆ ಎಲ್ಲರ ಹತ್ರ ದುಡ್ಡಿಲ್ಲ. ನಮ್ಮ ದೇಶದಲ್ಲೇ ಹುಡುಕಿದ್ರೆ ಕೊನೆಗೆ ಉಳಿಯೋದು ಎರಡು ಹೆಸರು. ಕಾಶ್ಮೀರದ ಗುಲ್ಮಾರ್ಗ್. ಉತ್ತರಾಖಂಡದ ಔಲಿ.

ಎರಡರಲ್ಲಿ ಯಾವುದು? ಟ್ರಾವೆಲ್ ಏಜೆಂಟ್‌ನ ಕೇಳಿದ್ರೆ ಕಮಿಷನ್ ಜಾಸ್ತಿ ಇರೋದನ್ನ ಹೇಳ್ತಾನೆ. ಇನ್‌ಸ್ಟಾಗ್ರಾಮ್ ಕೇಳಿದ್ರೆ ಎರಡೂ ಸ್ವರ್ಗ. ನಾನು ಓದಿದ್ದು ಇಂಜಿನಿಯರಿಂಗ್, ಸೇರಿಕೊಂಡಿದ್ದು ಟಿವಿ. ಹಾಗಾಗಿ ಫೋಟೋ ಪಕ್ಕಕ್ಕಿಟ್ಟು ನಾಲ್ಕು ಪ್ರಶ್ನೆ ಕೇಳ್ತೀನಿ. ಹಿಮ ಇರುತ್ತಾ? ತಲುಪೋದು ಹೇಗೆ? ನಮಗೆ ಅಲ್ಲಿ ಆಡೋ ಯೋಗ್ಯತೆ ಇದೆಯಾ? ಕೊನೆಯದು, ಯಾರೂ ಕೇಳದೇ ಇರೋದು: ನಾವು ನಿಂತುಕೊಳ್ಳೋ ನೆಲ ಗಟ್ಟಿ ಇದೆಯಾ?

ಒಂದೊಂದಾಗಿ ಬರೋಣ.

ಮೊದಲು ಹಿಮ. ಗುಲ್ಮಾರ್ಗ್ ಇರೋದು ಪೀರ್ ಪಂಜಾಲ್ ಪರ್ವತ ಸಾಲಿನಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗೊಂಡೊಲಾ ಹತ್ತಿದ್ರೆ ಮೊದಲ ಹಂತ ಕೊಂಗ್‌ಡೂರಿ, ಎರಡನೇ ಹಂತ ಅಫರ್ವತ್, ಸುಮಾರು 3,980 ಮೀಟರ್. ಔಲಿಯ ಇಳಿಜಾರುಗಳು 2,500ರಿಂದ 3,050 ಮೀಟರ್ ನಡುವೆ ಇವೆ. ಅಂದಾಜಿಗೆ ಬೇಕಾ? ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಔಲಿಯ ಬುಡದಲ್ಲಿರೋ ಜೋಶಿಮಠ ಪಟ್ಟಣವೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಅಫರ್ವತ್ ನಿಲ್ದಾಣ ಅದರ ಎರಡರಷ್ಟು.

ಎತ್ತರ ಹೆಚ್ಚಾದಷ್ಟೂ ಚಳಿ. ಉತ್ತರಕ್ಕೆ ಹೋದಷ್ಟೂ ಚಳಿ. ಗುಲ್ಮಾರ್ಗ್‌ಗೆ ಎರಡೂ ಅನುಕೂಲ ಇದೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರೋ ಮಾರುತ, ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರಲ್ಲ, ಅದು ಮೊದಲು ತಾಕೋದು ಕಾಶ್ಮೀರಕ್ಕೆ. ಉತ್ತರಾಖಂಡಕ್ಕೆ ಬರೋ ಹೊತ್ತಿಗೆ ಸಾಮಾನ್ಯವಾಗಿ ಅದರ ಕಸುವು ಕಡಿಮೆಯಾಗಿರುತ್ತೆ. ಪಂಪ್ ಹತ್ತಿರದ ಗದ್ದೆಗೂ ಕಾಲುವೆ ಕೊನೆಯ ಗದ್ದೆಗೂ ಇರೋ ವ್ಯತ್ಯಾಸ ನಮ್ಮ ರೈತರಿಗೆ ಹೇಳಿಕೊಡಬೇಕಾ?

ಹಾಗಂತ ಗುಲ್ಮಾರ್ಗ್‌ನಲ್ಲಿ ಹಿಮ ಗ್ಯಾರಂಟಿನಾ? ಅಲ್ಲ ಸ್ವಾಮಿ. 2024ರ ಜನವರಿ ನೆನಪಿಸಿಕೊಳ್ಳಿ. ಕಾಶ್ಮೀರದಲ್ಲಿ ಚಿಲ್ಲೈ ಕಲಾನ್ ಅಂತ ಕರೀತಾರೆ, ಡಿಸೆಂಬರ್ 21ರಿಂದ 40 ದಿನದ ಕಡು ಚಳಿಗಾಲ. ಆ ನಡುಮಧ್ಯದಲ್ಲೇ ಗುಲ್ಮಾರ್ಗ್‌ನ ಹುಲ್ಲುಗಾವಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಹಿಮ ಬಂದಿದ್ದು ತಿಂಗಳ ಕೊನೆಗೆ. ಮರುವರ್ಷ, 2025ರ ಫೆಬ್ರವರಿಯಲ್ಲಿ ನಡೀಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನ ಹಿಮ ಸಾಲದು ಅಂತ ಮುಂದಕ್ಕೆ ಹಾಕಿದ್ರು. ಮಾರ್ಚ್ 9ರಿಂದ 12ರವರೆಗೆ ನಡೀತು. ದೇಶದ ಅತ್ಯುತ್ತಮ ಸ್ಕೀ ತಾಣದ ಕಥೆಯೇ ಇದು.

ಅಂದ ಹಾಗೆ, ಈ ಕೂಟದಲ್ಲಿ ನಮಗೂ ಪಾಲಿದೆ. ಕೊಡಗಿನ ಹೆಣ್ಣುಮಗಳು ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಹಿಮದ ಮೇಲೆ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದಾರೆ. ಹಿಮವೇ ಬೀಳದ ರಾಜ್ಯದಿಂದ ಹೋಗಿ ಹಿಮದಲ್ಲಿ ಗೆಲ್ಲೋದು ಅಂದ್ರೆ ಸುಮ್ನೆ ಮಾತಲ್ಲ.

ಔಲಿಗೆ ಬನ್ನಿ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದಿದ್ದು ಡೆಹ್ರಾಡೂನ್ ಮತ್ತು ಔಲಿಯಲ್ಲಿ. ಅಲ್ಲಿ ಕೃತಕ ಹಿಮ ಮಾಡೋ ಯಂತ್ರ ತರಿಸಿದ್ರು, ನೀರಿಗೆ ಅಂತ ಒಂದು ಕೆರೆಯನ್ನೂ ಕಟ್ಟಿದ್ರು. "ಯಂತ್ರ ಇದ್ಮೇಲೆ ಚಿಂತೆ ಏನು?" ಅಂತೀರಾ? ಯಂತ್ರ ಹಿಮವನ್ನ ಶೂನ್ಯದಿಂದ ಸೃಷ್ಟಿ ಮಾಡಲ್ಲ. ನೀರನ್ನ ಸಣ್ಣ ಹನಿ ಮಾಡಿ ಗಾಳಿಗೆ ಉಗಿಯುತ್ತೆ, ಅಷ್ಟೆ. ಹೆಪ್ಪುಗಟ್ಟಿಸೋ ಕೆಲಸ ಗಾಳಿಯದ್ದು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗೆ ತೋರಿಸಬೇಕು. ಇಲ್ಲದಿದ್ರೆ ಅದು ಹಿಮದ ಯಂತ್ರ ಅಲ್ಲ, ಕಾಫಿ ತೋಟದ ಸ್ಪ್ರಿಂಕ್ಲರ್. ಚಳಿಯೇ ಕಮ್ಮಿಯಾದ ವರ್ಷ ಯಂತ್ರವೂ ಕೈಕಟ್ಟಿ ಕೂರುತ್ತೆ. ಹಿಮ ಸಾಲದೆ ಔಲಿಯಲ್ಲಿ ಸ್ಪರ್ಧೆಗಳು ರದ್ದಾಗಿವೆ.

ಹಾಗಾಗಿ ಹಿಮದ ಲೆಕ್ಕದಲ್ಲಿ ಗುಲ್ಮಾರ್ಗ್ ಮುಂದೆ. ಆದ್ರೆ ಒಂದು ಮಾತು ಎರಡಕ್ಕೂ ಅನ್ವಯಿಸುತ್ತೆ. ಕ್ರಿಸ್‌ಮಸ್ ರಜೆಗೆ ಸ್ಕೀಯಿಂಗ್ ಬುಕ್ ಮಾಡಿದ್ರೆ ಜೂಜು ಆಡಿದ ಹಾಗೆ. ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅವಕಾಶ ಜಾಸ್ತಿ. ಮಕ್ಕಳ ಶಾಲೆ ಆ ಹೊತ್ತಿಗೆ ರಜೆ ಕೊಡಲ್ಲ, ಗೊತ್ತು. ಅದಕ್ಕೆ ನಾನೇನು ಮಾಡ್ಲಿ? ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗೆ ನಮ್ಮ ಶಾಲಾ ಕ್ಯಾಲೆಂಡರ್ ಯಾರೂ ಕಳಿಸಿಲ್ಲ.

ಎರಡನೇ ಪ್ರಶ್ನೆ, ದಾರಿ.

ಶ್ರೀನಗರ ವಿಮಾನ ನಿಲ್ದಾಣದಿಂದ ಗುಲ್ಮಾರ್ಗ್‌ಗೆ ಸುಮಾರು 55 ಕಿಲೋಮೀಟರ್. ದಾರಿ ಸರಿಯಿದ್ರೆ ಎರಡು ಗಂಟೆ. ಕೊನೆಯ 13 ಕಿಲೋಮೀಟರ್, ಟಂಗ್‌ಮಾರ್ಗ್‌ನಿಂದ ಮೇಲಕ್ಕೆ, ಹಿಮ ಬಿದ್ದ ದಿನ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೋ ಫೋರ್ ವೀಲ್ ಡ್ರೈವೋ ಇಲ್ಲದೆ ಆಗಲ್ಲ. ಈಗ ರೈಲೂ ಇದೆ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡ್ತಿದೆ. ಚೆನಾಬ್ ಸೇತುವೆ ಮೇಲೆ, ನದಿಯಿಂದ 359 ಮೀಟರ್ ಎತ್ತರದಲ್ಲಿ. ಇನ್ನೊಂದು ಸಣ್ಣ ವಿಷಯ: ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡಲ್ಲ. ಪೋಸ್ಟ್‌ಪೇಯ್ಡ್ ಇರೋ ಒಬ್ಬರಾದ್ರೂ ಜೊತೆಗಿರಲಿ. ಇಲ್ಲಾಂದ್ರೆ ಊರಲ್ಲಿ ಅಪ್ಪ ಅಮ್ಮ ಫೋನ್ ಮಾಡಿ ಮಾಡಿ ಗಾಬರಿ ಬೀಳ್ತಾರೆ.

ಔಲಿಗೆ? ಡೆಹ್ರಾಡೂನ್‌ವರೆಗೆ ವಿಮಾನ. ಅಲ್ಲಿಂದ ಋಷಿಕೇಶ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್. ಬೆಂಗಳೂರಿಂದ ಶಿವಮೊಗ್ಗಕ್ಕಿಂತ ಕೊಂಚ ಕಮ್ಮಿ ದೂರ, ಆದ್ರೆ ಇಡೀ ದಿನ ಬೇಕು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಅಲಕನಂದಾ. ಮೇಲಿಂದ ಕಲ್ಲು ಬಿತ್ತೋ, ನಿಂತಲ್ಲೇ ನಿಲ್ಲಬೇಕು. ಆಮೇಲೆ ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಇತ್ತು. ಅದು 2023ರ ಜನವರಿಯಲ್ಲಿ ನಿಂತಿತು. ಮುಂದಿನ ಸೀಸನ್‌ಗಳಲ್ಲೂ ಓಡಲಿಲ್ಲ. ಯಾಕೆ ನಿಂತಿತು ಅನ್ನೋದು ನಾಲ್ಕನೇ ಪ್ರಶ್ನೆಗೆ ಸೇರಿದ್ದು, ಅಲ್ಲಿಗೆ ಬರ್ತೀನಿ. ಆದ್ರೆ ತಮಾಷೆ ಏನು ಗೊತ್ತಾ? ಏಷ್ಯಾದ ದೊಡ್ಡ ರೋಪ್‌ವೇಯಲ್ಲಿ ಸವಾರಿ ಅಂತ ಬ್ರೋಶರ್ ಕೊಡೋರು ಈಗಲೂ ಇದ್ದಾರೆ. ದುಡ್ಡು ಕಟ್ಟೋ ಮುಂಚೆ ಒಂದೇ ಮಾತು ಕೇಳಿ: "ಓಡ್ತಿದೆಯಾ?"

ಮೂರನೇ ಪ್ರಶ್ನೆ ಸ್ವಲ್ಪ ಖಾರ. ನಮಗೆ ಅಲ್ಲಿ ಆಡೋ ಯೋಗ್ಯತೆ ಇದೆಯಾ?

ಸ್ಕೀಯಿಂಗ್ ಅನ್ನೋದು ಜಾರುಬಂಡೆ ಅಲ್ಲ. ಮೊದಲ ದಿನ ನೀವು ಕಲಿಯೋದು ಬೀಳೋದು. ಎರಡನೇ ದಿನ ಎದ್ದೇಳೋದು. ಮೂರನೇ ದಿನ ನಿಲ್ಲಿಸೋದು. ಮೂರು ರಾತ್ರಿ ನಾಲ್ಕು ಹಗಲಿನ ಪ್ಯಾಕೇಜ್‌ನಲ್ಲಿ ಒಂದು ಗಂಟೆ ಸ್ಕೀ ಬಾಡಿಗೆಗೆ ತಗೊಂಡು, ಅದನ್ನ ಕಟ್ಕೊಂಡು ಫೋಟೋ ಹೊಡೆಸಿಕೊಂಡು ಬಂದ್ರೆ ಸ್ಕೀಯಿಂಗ್ ಆಗಲ್ಲ, ಅದು ಫ್ಯಾನ್ಸಿ ಡ್ರೆಸ್. ನಿಜವಾಗಿ ಕಲೀಬೇಕು ಅಂದ್ರೆ ಕನಿಷ್ಠ ಒಂದು ವಾರ ಬೇಕು.

ಕಲಿಯೋಕೆ ಎರಡೂ ಕಡೆ ವ್ಯವಸ್ಥೆ ಇದೆ. ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನದ, 14 ದಿನದ ಕೋರ್ಸ್ ನಡೆಸ್ತಾ ಬಂದಿದ್ದಾರೆ. ಐಟಿಬಿಪಿ ತನ್ನ ಜವಾನರಿಗೆ ತರಬೇತಿ ಕೊಡೋದೂ ಅಲ್ಲೇ. ಅಲ್ಲಿನ ಇಳಿಜಾರು ಸೌಮ್ಯ, ಕಣ್ಣೆದುರಿಗೆ 7,816 ಮೀಟರ್‌ನ ನಂದಾದೇವಿ. ಹೊಸಬರಿಗೆ, ಹೆದರೋರಿಗೆ, ಐವತ್ತು ದಾಟಿದೋರಿಗೆ ಔಲಿಯಂಥ ಜಾಗ ಇಲ್ಲ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಕೆಳಗಿನ ಸಣ್ಣ ಇಳಿಜಾರುಗಳು ಕಲಿಯೋರಿಗೆ ಸಾಕು. ಆದ್ರೆ ಗುಲ್ಮಾರ್ಗ್‌ಗೆ ಹೆಸರು ಬಂದಿರೋದು ಕೆಳಗಿನಿಂದಲ್ಲ. ಅಫರ್ವತ್‌ನಿಂದ. ಅಲ್ಲಿಗೆ ಹೊರದೇಶದಿಂದ ಪಳಗಿದ ಸ್ಕೀಯರ್‌ಗಳು ಬರ್ತಾರೆ.

ಅಂಥ ಪಳಗಿದೋರೇ ಅಲ್ಲಿ ಸತ್ತಿದ್ದಾರೆ. 2023ರ ಫೆಬ್ರವರಿ 1ರಂದು ಹಿಮಕುಸಿತದಲ್ಲಿ ಪೋಲೆಂಡ್‌ನ ಇಬ್ಬರು. 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಅದಕ್ಕೂ ಹಿಂದೆ, 2010ರ ಫೆಬ್ರವರಿಯಲ್ಲಿ, ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ ನಮ್ಮ 17 ಸೈನಿಕರು. ಹಿಮದಲ್ಲಿ ಬದುಕೋದನ್ನೇ ಕಲಿಸೋ ಶಾಲೆಯ ಸೈನಿಕರು! ಬೆಟ್ಟಕ್ಕೆ ಯಾರ ಬಯೋಡೇಟಾವೂ ಬೇಕಿಲ್ಲ. ಹಗ್ಗ ಕಟ್ಟಿ ಗುರುತು ಮಾಡಿದ ಗಡಿ ದಾಟಬೇಡಿ. ಅಷ್ಟೇ ಅಲ್ಲ, 2017ರ ಜೂನ್‌ನಲ್ಲಿ ಬಿರುಗಾಳಿಗೆ ಮರ ಉರುಳಿ ಗೊಂಡೊಲಾಕ್ಕೆ ಬಡಿದು 7 ಜನ ಸತ್ತರು. ಗಾಳಿ ಜೋರಾಗಿದೆ ಅಂತ ಗೊಂಡೊಲಾ ನಿಲ್ಲಿಸಿದ್ರೆ ಸಿಬ್ಬಂದಿ ಮೇಲೆ ಕೂಗಾಡಬೇಡಿ. ನಿಮ್ಮ ಟಿಕೆಟ್ ದುಡ್ಡಿಗಿಂತ ನಿಮ್ಮ ಪ್ರಾಣ ದೊಡ್ಡದು ಅಂತ ಅವರಿಗಾದ್ರೂ ಗೊತ್ತಿದೆಯಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಿ.

ಮತ್ತೆ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ 60ರಷ್ಟು. ಅಂದ್ರೆ ಪ್ರತಿ ಉಸಿರಿಗೂ ಸಿಗೋ ಆಮ್ಲಜನಕ ಅಷ್ಟೇ. ಬೆಳಗ್ಗೆ ಬೆಂಗಳೂರಲ್ಲಿ ವಿಮಾನ ಹತ್ತಿ, ಮರುದಿನ ಬೆಳಗ್ಗೆ ಅಫರ್ವತ್ ಮೇಲೆ ನಿಂತ್ರೆ ತಲೆ ಸುತ್ತದೆ ಇರುತ್ತಾ? ಬಿಪಿ, ಹೃದಯದ ತೊಂದರೆ ಇರೋರು ಮೊದಲು ಡಾಕ್ಟರ್‌ನ ಕೇಳಿ. ಇನ್ಷೂರೆನ್ಸ್ ಪತ್ರವನ್ನೂ ಒಮ್ಮೆ ಓದಿ. ಅನೇಕ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇರಲ್ಲ. ಕಾಲು ಮುರಿದ ಮೇಲೆ ಸಣ್ಣ ಅಕ್ಷರ ಓದಿದ್ರೆ ಏನು ಬಂತು?

ಈಗ ನಾಲ್ಕನೇ ಪ್ರಶ್ನೆ. ನೆಲ. ಇಲ್ಲಿ ನೆಲ ಅನ್ನೋ ಮಾತಿಗೆ ಎರಡು ಅರ್ಥ ಇದೆ.

ಕಾಶ್ಮೀರದ ನೆಲ. 2025ರ ಏಪ್ರಿಲ್ 22. ಪಹಲ್‌ಗಾಮ್‌ನ ಬೈಸರನ್ ಹುಲ್ಲುಗಾವಲು. 26 ಜನರನ್ನ ಭಯೋತ್ಪಾದಕರು ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರಿದ್ರು, ಬೆಂಗಳೂರಿನವರಿದ್ರು. ಹೆಂಡತಿ ಮಕ್ಕಳ ಕಣ್ಣೆದುರಿಗೇ. ಪ್ರವಾಸಿಗರನ್ನ ಉಳಿಸೋಕೆ ಹೋದ ಅಲ್ಲಿನ ಕುದುರೆಯವನೊಬ್ಬನೂ ಸತ್ತ. ಅದಕ್ಕೂ ಆರು ತಿಂಗಳ ಹಿಂದೆ, 2024ರ ಅಕ್ಟೋಬರ್‌ನಲ್ಲಿ, ಗುಲ್ಮಾರ್ಗ್ ಹತ್ತಿರದ ಬೋಟಾಪತ್ರಿಯಲ್ಲಿ ಸೇನೆಯ ಗಾಡಿ ಮೇಲೆ ದಾಳಿ ಆಯ್ತು. ಸೈನಿಕರೂ ಸತ್ತರು, ಹೊರೆ ಹೊರೋ ಸ್ಥಳೀಯರೂ ಸತ್ತರು. ಅಫರ್ವತ್‌ನಿಂದ ಗಡಿ ನಿಯಂತ್ರಣ ರೇಖೆ ದೂರ ಏನಿಲ್ಲ. ಇದನ್ನ ಮುಚ್ಚಿಟ್ಟು ಯಾವ ಟೂರ್ ಪ್ಯಾಕೇಜನ್ನೂ ಮಾರಬಾರದು.

ಸೋಷಿಯಲ್ ಮೀಡಿಯಾದಲ್ಲಿ ಎರಡು ಗುಂಪಿದೆ. "ಕಾಶ್ಮೀರಕ್ಕೆ ಒಂದು ರೂಪಾಯಿ ಕೊಡಬೇಡಿ" ಅನ್ನೋದು ಒಂದು. "ಹೋಗದಿದ್ರೆ ಭಯೋತ್ಪಾದಕರು ಗೆದ್ದ ಹಾಗೆ" ಅನ್ನೋದು ಇನ್ನೊಂದು. ನಾನು ಎರಡೂ ಗುಂಪಿಗೆ ಸೇರಲ್ಲ. ಹೆಂಡತಿ, ಮಕ್ಕಳು, ವಯಸ್ಸಾದ ತಂದೆ ತಾಯಿಯನ್ನ ಕರ್ಕೊಂಡು ಹೋಗೋ ಮನುಷ್ಯನ ಹೆಗಲ ಮೇಲೆ ದೇಶದ ಮಾನದ ಪ್ರಶ್ನೆ ಹೇರೋದು ಅನ್ಯಾಯ. ಭಯ ಆಗ್ತಿದೆ ಅಂದ್ರೆ ಹೋಗಬೇಡಿ. ಅದು ಹೇಡಿತನ ಅಲ್ಲ. ಹೋಗ್ತೀನಿ ಅಂದ್ರೆ ಹೋಗಿ. ಅದು ದ್ರೋಹವೂ ಅಲ್ಲ. ಆದ್ರೆ ಹೋಗೋರು ಆಡಳಿತ ತೆರೆದಿರೋ ಜಾಗಕ್ಕೆ ಮಾತ್ರ ಹೋಗಿ. ಮುಚ್ಚಿರೋ ಕಣಿವೆಗೆ, "ಸಾರ್, ನನಗೆ ಗೊತ್ತಿರೋ ದಾರಿ ಇದೆ" ಅನ್ನೋ ಗೈಡ್ ಹಿಂದೆ ಹೋಗಬೇಡಿ.

ಇನ್ನು ಔಲಿಯ ನೆಲ. ಅಲ್ಲಿ ಬಂದೂಕಿನ ಭಯ ಇಲ್ಲ. ನೆಲಕ್ಕೇ ನೆಲೆ ಇಲ್ಲ.

ಔಲಿಯ ಬುಡದಲ್ಲಿರೋ ಜೋಶಿಮಠ ನಮಗೆ ಹೊರಗಿನ ಊರಲ್ಲ. ಶಂಕರಾಚಾರ್ಯರು ಸ್ಥಾಪಿಸಿದರು ಅಂತ ನಂಬೋ ನಾಲ್ಕು ಪೀಠಗಳಲ್ಲಿ ಒಂದು ನಮ್ಮ ಶೃಂಗೇರಿ, ಇನ್ನೊಂದು ಆ ಜ್ಯೋತಿರ್ಮಠ. ಬದರೀನಾಥ ಬಾಗಿಲು ಹಾಕಿದ ಮೇಲೆ ಚಳಿಗಾಲದ ಪೂಜೆ ನಡೆಯೋದು ಅಲ್ಲಿನ ನರಸಿಂಹ ದೇವಸ್ಥಾನದಲ್ಲಿ. ಆ ಊರು ನಿಂತಿರೋದು ಬಂಡೆಯ ಮೇಲಲ್ಲ. ಯಾವುದೋ ಕಾಲದಲ್ಲಿ ಗುಡ್ಡ ಕುಸಿದು ಬಿದ್ದ ಮಣ್ಣು ಕಲ್ಲಿನ ರಾಶಿಯ ಮೇಲೆ. ಕಣದಲ್ಲಿ ರಾಗಿ ರಾಶಿ ಹಾಕಿರ್ತಾರಲ್ಲ, ಅದರ ಮೇಲೆ ಮನೆ ಕಟ್ಟಿದ್ರೆ ಹೇಗಿರುತ್ತೆ? ಬುಡ ಕೆದಕಿದ್ರೆ ಜಾರುತ್ತೆ. ಮೇಲೆ ಭಾರ ಹೇರಿದ್ರೆ ಜಾರುತ್ತೆ. ಒಳಗೆ ನೀರು ಬಿಟ್ರೆ ಇನ್ನೂ ಬೇಗ ಜಾರುತ್ತೆ.

ಇದು ಈಗ ಗೊತ್ತಾಗಿದ್ದಲ್ಲ ಸ್ವಾಮಿ. 1976ರಲ್ಲೇ ಸರ್ಕಾರ ಎಂ.ಸಿ. ಮಿಶ್ರಾ ಸಮಿತಿ ಮಾಡಿತ್ತು. ಸಮಿತಿ ಹೇಳಿದ್ದೇನು? ಭಾರಿ ಕಟ್ಟಡ ಬೇಡ. ಇಳಿಜಾರಲ್ಲಿ ಬಂಡೆ ತೆಗೆಯೋಕೆ ಅಗೆಯಬೇಡಿ, ಸಿಡಿಸಬೇಡಿ. ಮರ ಕಡಿಯಬೇಡಿ, ನೆಡಿ. ನೀರು ಇಂಗದ ಹಾಗೆ ಚರಂಡಿ ಮಾಡಿ. ಆಮೇಲೆ ಆಗಿದ್ದೇನು? ಹೋಟೆಲ್ ಎದ್ದವು, ರಸ್ತೆ ಅಗಲವಾಯ್ತು, ಹತ್ತಿರದಲ್ಲೇ ವಿದ್ಯುತ್ ಯೋಜನೆಗೆ ಸುರಂಗ ಕೊರೆದ್ರು. 2021ರ ಫೆಬ್ರವರಿಯಲ್ಲಿ ಋಷಿಗಂಗಾ, ಧೌಲಿಗಂಗಾ ಉಕ್ಕಿ 200ಕ್ಕೂ ಹೆಚ್ಚು ಜನ ಹೋದರು. 2023ರ ಜನವರಿಯಲ್ಲಿ ಜೋಶಿಮಠದ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ಇಸ್ರೋದ ಉಪಗ್ರಹ ಚಿತ್ರಗಳನ್ನ ನೋಡಿದ ತಜ್ಞರು 12 ದಿನದಲ್ಲಿ ನೆಲ ಸುಮಾರು 5.4 ಸೆಂಟಿಮೀಟರ್ ಇಳಿದಿದೆ ಅಂದ್ರು. ಸುರಂಗವೇ ಕಾರಣ ಅಂತ ಊರಿನವರು, ಅಲ್ಲ ಅಂತ ಕಂಪನಿಯವರು. ಅಕ್ಕಪಕ್ಕದ ಎರಡು ಹೋಟೆಲ್ ಒಂದರ ಮೇಲೊಂದು ವಾಲಿಕೊಂಡವು, ಅವನ್ನ ಕೆಡವಬೇಕಾಯ್ತು. ರೋಪ್‌ವೇ ನಿಂತಿದ್ದು ಅದಕ್ಕೇ. ಜನ ಚಳಿಯಲ್ಲಿ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ನಡೆದ್ರು.

ಇಲ್ಲಿ ನನಗೆ ಚೆನಾಬ್ ಸೇತುವೆ ನೆನಪಾಗುತ್ತೆ. ಅದೂ ಹಿಮಾಲಯವೇ, ಅಲ್ಲಿನ ಬೆಟ್ಟವೂ ಬಿರುಕು ಬಿಟ್ಟ ಬಂಡೆಯದ್ದೇ. ಆದ್ರೆ ಅಲ್ಲಿ ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್ ಜಿ. ಮಾಧವಿ ಲತಾ ಅವರಂಥ ತಜ್ಞರು 17 ವರ್ಷ ಕೂತು ಇಳಿಜಾರನ್ನ ಹೇಗೆ ಹಿಡಿದಿಡಬೇಕು ಅಂತ ನೋಡಿದ್ರು. ಅಗೆದಾಗ ಬಂಡೆ ಹೇಗಿದೆಯೋ ಅದಕ್ಕೆ ತಕ್ಕ ಹಾಗೆ ವಿನ್ಯಾಸ ಬದಲಾಯಿಸಿದ್ರು. ಒಂದು ಕಡೆ ಬೆಟ್ಟ ಹೇಳಿದ್ದನ್ನ ಕೇಳಿ ಕಟ್ಟಿದ್ರು. ಇನ್ನೊಂದು ಕಡೆ ಬರೆದು ಕೊಟ್ಟ ವರದಿಯನ್ನೇ ಕೇಳಲಿಲ್ಲ. ನಮ್ಮಲ್ಲಿ ಇಂಜಿನಿಯರ್‌ಗಳಿಗೆ ಬರ ಇಲ್ಲ. ಅವರ ಮಾತು ಕೇಳೋರಿಗೆ ಬರ. ಕೊಡಗಿನ 2018 ನೋಡಿದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಔಲಿಗೆ ಹೋಗಲೇಬಾರದಾ? ಪ್ರವಾಸಿಗರ ಭಾರಕ್ಕೇ ಊರು ಕುಸಿಯೋದಾದ್ರೆ ನಾವು ಹೋಗದೇ ಇರೋದೇ ಪುಣ್ಯ ಅಲ್ವಾ?

ಅಷ್ಟು ಸುಲಭ ಇಲ್ಲ. ಆ ಊರಿನ ಹುಡುಗರಿಗೆ ಗೊತ್ತಿರೋ ಕಸುಬು ಸ್ಕೀ ಕಲಿಸೋದು, ಗಾಡಿ ಓಡಿಸೋದು, ಚಹಾ ಅಂಗಡಿ. ಮನೆ ಬಿರುಕು ಬಿಟ್ಟೋರಿಗೆ ಗಿರಾಕಿಯೂ ತಪ್ಪಿದ್ರೆ ಎರಡು ಸಲ ಹೊಡೆದ ಹಾಗೆ. ಭಾರ ಆಗಿದ್ದು ಚಹಾ ಕುಡಿದು ಹೋದ ಪ್ರವಾಸಿಗನಲ್ಲ. ಅವನಿಗೆ ಬಾತ್‌ಟಬ್, ಲಿಫ್ಟ್, ಐದಂತಸ್ತಿನ ಮೇಲಿಂದ ನಂದಾದೇವಿ ದರ್ಶನ ಬೇಕು ಅಂತ ಎದ್ದ ಕಾಂಕ್ರೀಟು. ಔಲಿಯ ಹುಲ್ಲುಗಾವಲಲ್ಲಿ 2019ರ ಜೂನ್‌ನಲ್ಲಿ ಶ್ರೀಮಂತರ ಮದುವೆಯೊಂದು ನಡೆದು, ಅದರ ಕಸದ ವಿಷಯ ಹೈಕೋರ್ಟ್‌ವರೆಗೆ ಹೋಗಿತ್ತು. ಬೆಟ್ಟಕ್ಕೆ ನಾವು ಅತಿಥಿಯಾಗಿ ಹೋಗ್ತೀವೋ, ಬೀಗರಾಗಿ ಹೋಗ್ತೀವೋ? ವ್ಯತ್ಯಾಸ ಅಲ್ಲಿದೆ.

ಈಗ ನನ್ನ ತೀರ್ಮಾನ. ಕೇಳಿದ್ದಕ್ಕೆ ಉತ್ತರ ಕೊಡದೆ ಜಾರಿಕೊಳ್ಳೋದು ರಾಜಕಾರಣಿಗಳ ಕೆಲಸ.

ನಿಮಗೆ ಹಿಮ ಸಿಗೋದೇ ಮುಖ್ಯ, ಇರೋದು ಐದೇ ದಿನ, ಮನೆಯವರೆಲ್ಲ ಕೂತು ಮಾತಾಡಿ ಭಯ ಇಲ್ಲ ಅಂತ ಒಪ್ಪಿದ್ದೀರಿ ಅಂದ್ರೆ, ಗುಲ್ಮಾರ್ಗ್. ಫೆಬ್ರವರಿಯಲ್ಲಿ ಹೋಗಿ. ಮೊದಲ ದಿನ ಕೆಳಗೇ ಇರಿ. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ಅಲ್ಲಿ ದಲ್ಲಾಳಿ ಕೈಗೆ ಬೀಳಬೇಡಿ.

ಕುಟುಂಬದಲ್ಲಿ ಒಬ್ಬರಿಗಾದ್ರೂ ಕಾಶ್ಮೀರ ಅಂದ್ರೆ ರಾತ್ರಿ ನಿದ್ದೆ ಬರಲ್ಲ ಅಂದ್ರೆ, ಹತ್ತು ದಿನ ರಜೆ ಇದೆ ಅಂದ್ರೆ, ನಿಜವಾಗಿ ಕಲೀಬೇಕು ಅಂದ್ರೆ, ಔಲಿ. ಆದ್ರೆ ಷರತ್ತು ಇದೆ. ಏಳು ದಿನದ ಕೋರ್ಸ್ ಸೇರಿ. ಹಿಮ ಬಿದ್ದಿದೆಯಾ ಅಂತ ಹೊರಡೋ ವಾರ ಫೋನ್ ಮಾಡಿ ಕೇಳಿ. ಸಣ್ಣ ಕಟ್ಟಡದಲ್ಲಿ, ಊರಿನವರ ಹೋಮ್‌ಸ್ಟೇಯಲ್ಲಿ ಉಳಿಯಿರಿ. ಬಿಸಿನೀರು ಒಂದು ಬಕೆಟ್ ಸಿಕ್ಕಿದ್ರೆ ಸಾಕು ಅನ್ನಿ. ನೀವು ಚೆಲ್ಲೋ ಪ್ರತಿ ಬಕೆಟ್ ನೀರೂ ಆ ರಾಗಿ ರಾಶಿಯೊಳಗೇ ಇಳಿಯುತ್ತೆ ಅನ್ನೋದು ನೆನಪಿರಲಿ.

ಎರಡೂ ಬೇಡ ಅನ್ನಿಸಿತಾ? ಅದೂ ಸರಿ. ಹಿಮ ನೋಡದೆ ಯಾರೂ ಸತ್ತಿಲ್ಲ.

ಆದ್ರೆ ಹೋಗೋರಿಗೆ ಕೊನೆಯ ಮಾತು. ಹೋಟೆಲ್ ಆರಿಸುವಾಗ ನಾವು ಕೇಳೋದು ಮೂರೇ: ವ್ಯೂ ಹೇಗಿದೆ, ವೈಫೈ ಇದೆಯಾ, ಬೆಳಗಿನ ತಿಂಡಿ ಫ್ರೀನಾ. ಈ ಸಲ ನಾಲ್ಕನೆಯದು ಸೇರಿಸಿ. "ಈ ಕಟ್ಟಡಕ್ಕೆ ಎಷ್ಟು ಅಂತಸ್ತು? ಇದರ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ?" ಫೋನ್ ಎತ್ತಿದೋರಿಗೆ ಗೊತ್ತಿಲ್ಲದೇ ಇರಬಹುದು. ನಗಲೂಬಹುದು. ನಗಲಿ ಬಿಡಿ. ಸಾವಿರ ಜನ ಇದೇ ಪ್ರಶ್ನೆ ಕೇಳಿದ್ರೆ ಮಾಲೀಕ ಉತ್ತರ ಹುಡುಕಲೇಬೇಕು. 1976ರ ವರದಿ ಮಾಡಿಸಲಾಗದ್ದನ್ನ ಗಿರಾಕಿಯ ಬಾಯಿ ಮಾಡಿಸಬಹುದು. ಕೇಳಿ ನೋಡಿ.